ರಾಯರ ಮೇಜಿನ ಕೆಳಗಿನ ಹಲಗೆ

ಹಳೆ ಮರ ಕೈಗೆ ಬಂದರೆ ಮೊದಲು ಏನು ಮಾಡಬೇಕು ಎಂದು ಈಗ ಈ ಕೆಲಸಕ್ಕೆ ಬರುವ ಮಕ್ಕಳು ಕೇಳುತ್ತಾರೆ. ಏನೂ ಮಾಡಬೇಡಿ ಎನ್ನುತ್ತೇನೆ. ಅವರು ನಗುತ್ತಾರೆ. ಮುದುಕನಿಗೆ ಮಂಡಿನೋವು, ಅದಕ್ಕೇ ಎಲ್ಲರನ್ನೂ ಸುಮ್ಮನೆ ಕೂರಿಸಲು ನೋಡುತ್ತಾನೆ ಎಂದುಕೊಳ್ಳುತ್ತಾರೋ ಏನೋ. ಮಂಡಿನೋವು ನಿಜ, ಹೇಳಿದ ಮಾತೂ ನಿಜ. ಮರ ಬಂದ ದಿನವೇ ಅದಕ್ಕೆ ಕೀಸುಳಿ ಹಾಕಿದ ಮಹಾನುಭಾವ ನಾನು. ಅದರಿಂದ ಆದ ಎಡವಟ್ಟನ್ನು ಬರೆಯಲೆಂದೇ ಈಗ ಕೂತಿದ್ದೇನೆ. ನಡುವೆ ಬೇರೆ ಕಥೆಗಳೂ ನುಸುಳಬಹುದು, ಸಹಿಸಿಕೊಳ್ಳಿ.

ನಾನು ಕಾರ್ಕಳದ ಕಡೆಯ ಆಚಾರಿ, ಹೆಸರು ಸದಾನಂದ. ಹದಿನೆಂಟಕ್ಕೆ ಮುಂಬಯಿ ಪಕ್ಕದ ಕಳವಾಕ್ಕೆ ಬಂದೆ. ಒಂದು ಖೋಲಿಯಲ್ಲಿ ಆರು ಜನ ಮಲಗುತ್ತಿದ್ದೆವು, ಒಬ್ಬ ಮಗ್ಗುಲು ಬದಲಿಸಿದರೆ ಉಳಿದ ಐವರೂ ಬದಲಿಸಬೇಕಿತ್ತು. ಕೆಲಸ ಕಲಿಸಿದವರು ವಾಮನ ಆಚಾರಿ, ಸಂಬಂಧದಲ್ಲಿ ನನಗೆ ಮಾವ. ಅವರ ಕಾರ್ಖಾನೆ ಎಂದರೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಬದಿಗೆ ತಗಡು ಹೊದಿಸಿದ ಒಂದು ಮಾಡು. ಮೊದಲ ಆರು ತಿಂಗಳು ಅವರು ನನ್ನ ಕೈಗೆ ಗರಗಸ ಕೊಡಲಿಲ್ಲ. ಮರದ ಚೂರು ಕೊಟ್ಟು ಮೂಸಿ ನೋಡಲು ಹೇಳುತ್ತಿದ್ದರು. ಸಾಗುವಾನಿಗೆ ಹಳೆ ಚರ್ಮದ ವಾಸನೆ ಇರುತ್ತದೆ, ಹಲಸು ಕೊಯ್ದರೆ ಹಳದಿ ಹುಡಿ ಉದುರುತ್ತದೆ, ಮತ್ತಿಮರ ಎತ್ತಿದ ಕೂಡಲೇ ಭುಜಕ್ಕೆ ಗೊತ್ತಾಗುತ್ತದೆ. ನಾನು ತಪ್ಪು ಹೇಳಿದರೆ ಮಾವ ಬಯ್ಯುತ್ತಿರಲಿಲ್ಲ, ಅದೇ ಚೂರನ್ನು ಮರುದಿನ ಮತ್ತೆ ಕೊಡುತ್ತಿದ್ದರು. ಬಯ್ದಿದ್ದರೇ ವಾಸಿಯಿತ್ತು.

ಒಮ್ಮೆ ಮೊಳೆ ಇದ್ದ ಹಲಗೆಯನ್ನು ನೋಡದೆ ಯಂತ್ರಕ್ಕೆ ಕೊಟ್ಟೆ. ಬ್ಲೇಡು ಮುರಿದು ಚೂರೊಂದು ನನ್ನ ಕಿವಿಯ ಪಕ್ಕದಲ್ಲೇ ಹಾರಿ ತಗಡಿಗೆ ಬಡಿಯಿತು. ಮಾವ ಬಂದು ಮೊದಲು ನನ್ನ ಕಿವಿ ನೋಡಿದರು, ಆಮೇಲೆ ಬ್ಲೇಡು. ಮರುದಿನದಿಂದ ಒಂದು ತಿಂಗಳು ಮೊಳೆ ಕೀಳುವುದೊಂದೇ ನನ್ನ ಕೆಲಸ. ಈಗ ಕೋಲಿನಂಥ ಒಂದು ಯಂತ್ರ ಬಂದಿದೆ, ಮರದ ಮೇಲೆ ಆಡಿಸಿದರೆ ಮೊಳೆ ಇದ್ದಲ್ಲಿ ಕೀಂಯ್ ಎನ್ನುತ್ತದೆ. ಒಳ್ಳೆಯದೇ. ಆದರೂ ಒಂದು ಸಲ ಅಂಗೈ ಆಡಿಸಿ ನೋಡಿ, ಬ್ಯಾಟರಿ ಮುಗಿದ ದಿನವೂ ಕೆಲಸ ಇರುತ್ತದೆ.

ಮಾವ ತೀರಿಕೊಂಡ ಮೇಲೆ ನಾನು ಪ್ಲೈವುಡ್ಡಿಗೆ ಹೋದೆ. ಇದನ್ನು ಮುಚ್ಚಿಡುವುದಿಲ್ಲ. ನವಿ ಮುಂಬಯಿಯಲ್ಲಿ ಫ್ಲ್ಯಾಟುಗಳು ಏಳುತ್ತಿದ್ದ ಕಾಲ ಅದು. ವಾಶಿಯಲ್ಲಿ ಒಂದು ಅಡಿಗೆಮನೆ ಮುಗಿಸುವಷ್ಟರಲ್ಲಿ ಕೋಪರಖೈರಣೆಯಲ್ಲಿ ಎರಡು ಕಾಯುತ್ತಿದ್ದವು. ಹತ್ತೇ ದಿನದಲ್ಲಿ ಮನೆಯೆಲ್ಲ ಥಳಥಳ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದನ್ನೇ ಮಾಡಿದೆ, ಮಕ್ಕಳನ್ನು ಓದಿಸಿದೆ, ಡೊಂಬಿವಲಿಯಲ್ಲಿ ಮನೆ ಮಾಡಿದೆ. ಅದಕ್ಕಾಗಿ ನನಗೇನೂ ನಾಚಿಕೆಯಿಲ್ಲ.

ಒಂದು ದಿನ ರಿಕ್ಷಾದಲ್ಲಿ ಹೋಗುವಾಗ ರಸ್ತೆ ಬದಿಯ ಕಸದ ರಾಶಿಯ ಮೇಲೆ ಒಂದು ಕಪಾಟು ಕಂಡಿತು. ನೀರು ಕುಡಿದು ಇಡ್ಲಿಯ ಹಾಗೆ ಉಬ್ಬಿತ್ತು. ಹಿಡಿಕೆಯ ಜಾಗದಲ್ಲಿ ಅರ್ಧಚಂದ್ರದ ಕೊರೆತ. ಆ ಕೊರೆತ ನನ್ನದು, ಈ ಭಾಗದಲ್ಲಿ ಬೇರೆ ಯಾರೂ ಹಾಗೆ ಕೊರೆಯುತ್ತಿರಲಿಲ್ಲ. ಕಪಾಟಿಗೆ ಎಂಟು ವರ್ಷವೂ ಆಗಿರಲಿಲ್ಲ. ಒಂದು ನಾಯಿ ಅದರ ಮೇಲೆ ಕಾಲೆತ್ತಿತು. ರಿಕ್ಷಾದವನು ಮುಂದೆ ಹೋದ, ನನಗೆ ಮಾತ್ರ ಅಂದು ಊಟ ಸೇರಲಿಲ್ಲ. ನಾನು ಕೈಯಾರೆ ಕಸ ತಯಾರಿಸುತ್ತಿದ್ದೇನೆ ಅನ್ನಿಸಿತು.

ಅದೇ ಸಮಯದಲ್ಲಿ ಕಲ್ಯಾಣ, ಠಾಣೆ, ಡೊಂಬಿವಲಿಯ ಹಳೆ ಕಟ್ಟಡಗಳನ್ನೆಲ್ಲ ಒಡೆದು ಟವರು ಎಬ್ಬಿಸುತ್ತಿದ್ದರು. ಒಡೆದಲ್ಲೆಲ್ಲ ಸಾಗುವಾನಿ ತೊಲೆಗಳು, ಬಾಗಿಲುಗಳು, ಮೆಟ್ಟಿಲುಗಳು. ನಾಲ್ಕು ತಲೆಮಾರಿನ ಭಾರ ಹೊತ್ತು ಇನ್ನೂ ಜಗ್ಗದ ಮರ, ಸೌದೆಗೆ ಹೋಗುತ್ತಿತ್ತು. ನಾನು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು ಆ ಮರ ತರತೊಡಗಿದೆ. ಹತ್ತು ದಿನದ ಕೆಲಸಕ್ಕೆ ಮೂರು ತಿಂಗಳು ಹಿಡಿಯುತ್ತಿತ್ತು. ಜೊತೆಗಾರರು ನನ್ನನ್ನು ಭಂಗಾರ್ ಆಚಾರಿ ಎಂದು ಕರೆದರು, ಅಂದರೆ ಗುಜರಿಯವನು. ಹೆಂಡತಿ ಲೀಲಾ ನೆಂಟರು ಬಂದಾಗ ನನ್ನ ಕೆಲಸದ ಸುದ್ದಿ ಎತ್ತುವುದನ್ನು ಬಿಟ್ಟಳು, ಅದು ನನಗೆ ತಿಳಿಯುತ್ತಿತ್ತು.

ಆರಂಭದಲ್ಲಿ ಪೆಟ್ಟೂ ತಿಂದೆ. ವಾಶಿಯ ಒಬ್ಬರಿಗೆ ಮೇ ತಿಂಗಳ ಸೆಕೆಯಲ್ಲಿ ಇಂಚಿಂಚೂ ಬಿಗಿಯಾಗಿ ಡ್ರಾಯರು ಕೂರಿಸಿ ಬೀಗಿದೆ. ಜುಲೈಯಲ್ಲಿ ಮರ ಉಬ್ಬಿ ಡ್ರಾಯರು ಹೊರಗೆ ಬರಲು ಒಪ್ಪಲಿಲ್ಲ. ಒಳಗೆ ಅವರ ಮಗಳು ಅಂದೇ ಸೀಮಂತಕ್ಕೆ ಉಡಬೇಕಾದ ಹಸಿರು ಸೀರೆ. ನಾನು ಹಿಂದಿನ ಹಲಗೆ ಕಳಚಿ ಸೀರೆ ಹೊರಗೆಳೆಯುವಾಗ ಇಡೀ ಬಳಗ ಸುತ್ತ ನಿಂತು ನೋಡಿತು. ಮರಕ್ಕೆ ಉಸಿರಾಡಲು ಜಾಗ ಬಿಡಬೇಕು, ತಂದ ಮರ ಒಂದು ಮಳೆಗಾಲವಾದರೂ ಶೆಡ್ಡಿನಲ್ಲಿ ಮಲಗಬೇಕು. ಇದನ್ನು ಮಾವ ಹೇಳಿದ್ದರು, ಪ್ಲೈವುಡ್ಡಿನ ವರ್ಷಗಳಲ್ಲಿ ನಾನು ಮರೆತಿದ್ದೆ.

ನನ್ನ ಜೊತೆಗೆ ಅನಘಾ ಬಂದದ್ದು ಆ ಹೊತ್ತಿಗೆ. ಪುತ್ತೂರಿನ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ, ಡಿಸೈನ್ ಓದಿದವಳು. ನಾನು ಕನ್ನಡದಲ್ಲಿ ಹೇಳಿದರೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೋ ಹಿಂದಿಯಲ್ಲೋ ಬರುತ್ತದೆ. ಮೊದಲ ದಿನವೇ ಅವಳು ನನ್ನ ಅರ್ಧಚಂದ್ರದ ಕೊರೆತ ನೋಡಿ ಬೆರಳಿಗೆ ಚುಚ್ಚುತ್ತದೆ ಎಂದಳು. ಮೂವತ್ತು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಕೊರೆತ ಬದಲಿಸಿದೆ. ಇಂದು ಶೆಡ್ಡು ನಡೆಸುವವಳು ಅವಳೇ.

ಇನ್ನು ರಾಯರ ಮೇಜಿನ ವಿಷಯ.

ವಾಸುದೇವ ರಾಯರದು ಉಡುಪಿ ಕಡೆ. ಕಲ್ಯಾಣದಲ್ಲಿ ಎರಡಂತಸ್ತಿನ ಹಳೆ ಕಟ್ಟಡವೊಂದರ ಕೆಳಗೆ ಅವರ ಸಸ್ಯಾಹಾರಿ ಹೋಟೆಲು, ಹಿಂಬದಿಯ ಎರಡು ಕೋಣೆಯಲ್ಲಿ ಸಂಸಾರ. ನಲವತ್ತು ವರ್ಷ ಹಾಗೇ ನಡೆಯಿತು. ಕಟ್ಟಡ ಒಡೆಯುವುದೆಂದು ತೀರ್ಮಾನವಾದಾಗ ಹೋಟೆಲು ಮುಚ್ಚಿ, ಬದಲಾಪುರದಲ್ಲಿ ಮಗ ಸೊಸೆಯ ಫ್ಲ್ಯಾಟಿಗೆ ಹೋದರು. ರಾಯರ ಹೆಂಡತಿ ಸುಮತಿಯಕ್ಕ ಒಂದು ಮಧ್ಯಾಹ್ನ ನಮ್ಮ ಶೆಡ್ಡಿಗೆ ಬಂದು, ಹೋಟೆಲಿನ ಮರವೆಲ್ಲ ಕಟ್ಟಡ ಒಡೆಯುವವರ ಹತ್ತಿರ ಇದೆ, ಅದರಲ್ಲೇ ಒಂದು ಊಟದ ಮೇಜು ಮಾಡಿಕೊಡಿ ಎಂದರು. ಎಂಥ ಮೇಜು ಎಂದು ಅನಘಾ ಪುಸ್ತಕ ತೆರೆದಳು. ಸುಮತಿಯಕ್ಕ ಅವಳ ಚಿತ್ರಗಳ ಕಡೆ ನೋಡಲೇ ಇಲ್ಲ.

"ಚಂದ ಗಿಂದ ಎಲ್ಲ ನಿಮಗೆ ಬಿಟ್ಟದ್ದು ಆಚಾರ್ರೇ. ಇವರು ಅದರ ಎದುರು ಕೂತು ಊಟ ಮಾಡಬೇಕು, ಅಷ್ಟೇ. ಈಗ ಕೂತ್ಕೊಳ್ಳುದೇ ಇಲ್ಲ."

ಆಮೇಲೆ ವಿಷಯ ಬಿಡಿಸಿ ಹೇಳಿದರು. ಹೋಟೆಲಿನವನಿಗೆ ಕೂತು ಉಂಡು ಅಭ್ಯಾಸವಿಲ್ಲ. ರಾಯರು ನಲವತ್ತು ವರ್ಷ ಗಲ್ಲೆಯ ಹಿಂದೆ ನಿಂತೇ ದುಡ್ಡು ತೆಗೆದುಕೊಂಡವರು, ಅಡಿಗೆಮನೆಯ ಮೂಲೆಯಲ್ಲಿ ನಿಂತೇ ಎರಡು ತುತ್ತು ಹಾಕಿಕೊಂಡವರು. ಈಗ ಕಾಲು ಊದುತ್ತದೆ, ಡಾಕ್ಟರು ನಿಲ್ಲಬೇಡಿ ಎಂದಿದ್ದಾರೆ. ಮನೆಯಲ್ಲಿ ತಟ್ಟೆ ಕೈಯಲ್ಲಿ ಹಿಡಿದು ಕಿಟಕಿಯ ಬಳಿ ನಿಂತು ಅರ್ಧ ತಿಂದು ಇಡುತ್ತಾರೆ. ಬೆಳಿಗ್ಗೆ ಎದ್ದರೆ ಲೋಕಲ್ ರೈಲು ಹಿಡಿದು ಕಲ್ಯಾಣಕ್ಕೆ ಹೋಗಿ, ಕಟ್ಟಡದ ಸುತ್ತ ಹಾಕಿದ ತಗಡಿನ ಎದುರು ನಿಂತು ಬರುತ್ತಾರೆ. ಎರಡೇ ತಿಂಗಳಲ್ಲಿ ಅಂಗಿ ಸಡಿಲವಾಗಿದೆ. ಇದನ್ನೆಲ್ಲ ಹೇಳುವಾಗ ಸುಮತಿಯಕ್ಕನ ದನಿ ಏರಲಿಲ್ಲ, ಸೆರಗಿನ ಅಂಚನ್ನು ಮಾತ್ರ ಸುತ್ತುತ್ತ ಇದ್ದರು.

ಟೆಂಪೋದಲ್ಲಿ ಮರ ಬಂತು. ಕೆಸರು, ಸುಣ್ಣ ಮೆತ್ತಿಕೊಂಡ ಕಲಸುಮೇಲೋಗರ. ದೀಪಾವಳಿಗೆ ಮೇಜು ಕೊಡಬೇಕೆಂದು ನಾನೇ ಅವಸರ ಹಚ್ಚಿಕೊಂಡೆ. ಅವರೇನೂ ಕೇಳಿರಲಿಲ್ಲ. ನಿಧಾನದ ಕೆಲಸ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು ನಾನು. ಭಂಗಾರ್ ಆಚಾರಿ ಏನು ಮಾಡಬಲ್ಲ ಎಂದು ನಾಲ್ಕು ಜನರಿಗೆ ತೋರಿಸುವ ಚಪಲ. ರಾಯರು ಗಿಡ್ಡ ಆಳು, ಊದಿದ ಕಾಲು ನೇತಾಡಬಾರದೆಂದು ಅನಘಾ ಮೇಜಿನ ಕೆಳಗೆ ಕಾಲಿಡಲು ಒಂದು ಅಡ್ಡಪಟ್ಟಿ ಬರೆದಿದ್ದಳು. ಅದಕ್ಕೆ ರಾಶಿಯಿಂದ ದಪ್ಪದ್ದೊಂದು ತುಂಡು ಆರಿಸಿದೆ. ಎರಡು ತುದಿಯಲ್ಲಿ ಒಂದೊಂದು ದುಂಡು ಗುಳಿ ಇತ್ತು. ಅಟ್ಟದ ತೊಲೆ, ಬೋಲ್ಟಿನ ಗುಳಿ ಎಂದುಕೊಂಡೆ. ಮೇಲೆ ಅರಶಿನಗೆಂಪು ಕಲೆ ಇತ್ತು. ಹಳೆ ವಾರ್ನಿಶ್ ಎಂದುಕೊಂಡು ಕೀಸಿ ತೆಗೆದೆ. ಒಂದು ತುದಿಯನ್ನು ಗೇಣುದ್ದ ಕತ್ತರಿಸಿದೆ, ಉಳಿದ ಗುಳಿಗೆ ಮರದ ಬಿಲ್ಲೆ ಕೂರಿಸಿ ಗೊತ್ತೇ ಆಗದಂತೆ ಮುಚ್ಚಿದೆ. ಮಧ್ಯದಲ್ಲಿ ಕಣ್ಣಿನ ಆಕಾರದ ಒಂದು ಗಂಟು ಇತ್ತು, ಬಹಳ ಚೆಲುವಿನದು. ಅದು ಎಲ್ಲರಿಗೂ ಕಾಣಲಿ ಎಂದು ಮೇಲ್ಮುಖ ಮಾಡಿ ಕೂರಿಸಿದೆ.

ದೀಪಾವಳಿಗೆ ಮೂರು ದಿನ ಮುಂಚೆ ಬದಲಾಪುರದಲ್ಲಿ ಮೇಜು ಇಳಿಸಿದೆವು. ರಾಯರು ಸುತ್ತ ಒಂದು ಪ್ರದಕ್ಷಿಣೆ ಬಂದು ಹಲಗೆ ಮುಟ್ಟಿದರು. ಅದು ಹೋಟೆಲಿನ ಮೂರನೇ ನಂಬರಿನ ಮೇಜಿನದು, ಬಿಸಿ ಪಾತ್ರೆಯಿಟ್ಟ ಸುಟ್ಟ ಗುರುತನ್ನು ನಾವು ಹಾಗೇ ಬಿಟ್ಟಿದ್ದೆವು. ರಾಯರು ಕುರ್ಚಿ ಎಳೆದು ಕೂತರು. ಕಾಲು ಪಟ್ಟಿಯ ಮೇಲಿಟ್ಟರು. ಸೊಸೆ ದೋಸೆ ತಂದಳು, ತಿಂದರು. ಇನ್ನೊಂದು ತಂದಳು, ಅದನ್ನೂ ತಿಂದರು. ನಾನು ಒಳಗೊಳಗೇ ಹಿಗ್ಗಿ ಹೀರೆಕಾಯಿಯಾಗಿದ್ದೆ. ಚಟ್ನಿ ಬಡಿಸಲು ಬಂದ ಸುಮತಿಯಕ್ಕ ಕೆಳಗೆ ಬಿದ್ದ ಚಮಚ ಹೆಕ್ಕಲು ಬಗ್ಗಿದರು, ಬಗ್ಗಿದವರು ಹಾಗೇ ಉಳಿದರು.

ಅವರು ರಾಯರ ಎದುರು ಏನೂ ಹೇಳಲಿಲ್ಲ. ನಮ್ಮನ್ನು ಕಳಿಸಲು ಲಿಫ್ಟಿನವರೆಗೆ ಬಂದು ಕೇಳಿದರು:

"ಆಚಾರ್ರೇ, ಅದು ನಮ್ಮ ಒಳಬಾಗಿಲಿನ ಹೊಸ್ತಿಲು. ಶುಕ್ರವಾರ ಶುಕ್ರವಾರ ಆ ಗಂಟಿನ ಮೇಲೆ ಮೊದಲ ಬೊಟ್ಟು ಇಡ್ತಿದ್ದೆ. ನಲವತ್ತು ವರ್ಷ. ನೀವು ಆಚಾರಿಗಳಾಗಿ ಇದು ಎಂತ ಮಾಡಿದ್ರಿ?"

ಓದುವವರೂ ಅದನ್ನೇ ಕೇಳಬೇಕು. ಹೊಸ್ತಿಲು ಇಡುವುದು ನಮ್ಮ ಕುಲದ ಕೆಲಸ. ಊರಿನಲ್ಲಿ ಅಪ್ಪ ಹೊಸ್ತಿಲು ಕೂರಿಸುವ ದಿನ ಪೂಜೆ ಮಾಡದೆ ಉಳಿ ಮುಟ್ಟುತ್ತಿರಲಿಲ್ಲ. ಆ ಗುಳಿಗಳು ಹಳೆ ಬಾಗಿಲಿನ ತಿರುಗಣೆ ಕೂರುವ ಗುಳಿಗಳು, ಆ ಕಲೆ ಅರಶಿನ ಕುಂಕುಮದ್ದು. ಮರ ತಾನು ಯಾರೆಂದು ಮೂರು ಸಲ ಹೇಳಿತ್ತು. ನಾನು ಒಂದನ್ನು ಕೀಸಿದೆ, ಒಂದನ್ನು ಮುಚ್ಚಿದೆ, ಒಂದನ್ನು ಅಲಂಕಾರ ಮಾಡಿ ಕಾಲಡಿಗೆ ಇಟ್ಟೆ. ತುಳಿಯಬಾರದೆಂದು ಯಾವ ಮರವನ್ನು ಅವರು ನಲವತ್ತು ವರ್ಷ ದಾಟಿ ನಡೆದರೋ ಅದರ ಮೇಲೆಯೇ ರಾಯರ ಪಾದ ಇಡಿಸಿದ್ದೆ. ಇಷ್ಟು ನಾಚಿಕೆ ನನಗೆ ಬದುಕಿನಲ್ಲಿ ಮತ್ತೆಂದೂ ಆಗಿಲ್ಲ.

"ತೆಗೆದುಬಿಡ್ತೇನೆ ಅಕ್ಕಾ, ಈಗಲೇ" ಎಂದೆ.

"ಈಗ ಬೇಡ. ಇಷ್ಟು ತಿಂಗಳ ನಂತರ ಇವತ್ತು ಕೂತಿದ್ದಾರೆ, ಎಬ್ಬಿಸಬೇಡಿ. ಆದರೆ ಅದಕ್ಕೆ ಕಾಲು ಇಡಲಿಕ್ಕೂ ನಾನು ಬಿಡುದಿಲ್ಲ. ಎಂತಾದರೂ ಒಂದು ದಾರಿ ನೀವೇ ಮಾಡಿ."

ವಾಪಸು ಬರುವಾಗ ಟೆಂಪೋದಲ್ಲಿ ಅನಘಾ ಒಂದು ಉಪಾಯ ಹೇಳಿದಳು. "ಕಾಕಾ, ಆಜೋಬಾಂನಾ ಸಾಂಗೂ ನಕಾ," ಅಜ್ಜನಿಗೆ ಹೇಳುವುದೇ ಬೇಡ. ಅವರು ಹೊರಗೆ ಹೋದಾಗ ಅಂಥದೇ ಬೇರೆ ಪಟ್ಟಿ ಹಾಕಿ, ಇದನ್ನು ಸುಮತಿಯಕ್ಕನಿಗೆ ಕೊಟ್ಟುಬಿಡೋಣ. ನನಗೂ ಅದು ಸುಲಭವೆನಿಸಿತು. ಮನೆಗೆ ಬಂದು ಲೀಲಾಳಿಗೆ ಹೇಳಿದೆ. ಅವಳು ತುಳುವಿನಲ್ಲಿ ಒಂದೇ ಮಾತು ಹೇಳಿದಳು: ಗುಳಿ ಮುಚ್ಚಿದ್ದಕ್ಕೇ ಇಷ್ಟೆಲ್ಲ ಆಯಿತು, ಈಗ ಇದನ್ನೂ ಮುಚ್ಚುತ್ತೀರಾ? ಅವಳು ನನ್ನ ಕೆಲಸದ ಬಗ್ಗೆ ಬಾಯಿ ಬಿಟ್ಟು ಎಷ್ಟೋ ಕಾಲವಾಗಿತ್ತು.

ಮರುದಿನ ಬೆಳಿಗ್ಗೆ ಒಬ್ಬನೇ ಬದಲಾಪುರಕ್ಕೆ ಹೋಗಿ ರಾಯರ ಎದುರು ಕೂತು ಎಲ್ಲ ಹೇಳಿದೆ. ಅವರು ಥಟ್ಟನೆ ಎರಡೂ ಕಾಲು ಮೇಲೆತ್ತಿಕೊಂಡರು. ಬಗ್ಗಿ ಗಂಟನ್ನು ನೋಡಿದರು, ಬಹಳ ಹೊತ್ತು ನೋಡಿದರು. ಎದ್ದು ಹೋಗುತ್ತಾರೆ, ಇನ್ನು ಈ ಮೇಜಿಗೆ ಬರುವುದಿಲ್ಲ ಎಂದೇ ನಾನು ಭಾವಿಸಿದೆ.

"ದಿನಕ್ಕೆ ನೂರು ಸಲ ಇದನ್ನು ದಾಟಿದ್ದೇನೆ ಆಚಾರ್ರೇ, ಕೈಯಲ್ಲಿ ತಟ್ಟೆ ಇಟ್ಟುಕೊಂಡು. ಇದರಲ್ಲಿ ಒಂದು ಗಂಟು ಉಂಟು ಅಂತ ನನಗೆ ಇವತ್ತು ಗೊತ್ತಾದದ್ದು. ಅವಳಿಗೆ ಗೊತ್ತಿತ್ತು" ಎಂದರು. ಇದನ್ನು ಬಿಚ್ಚುವುದಾದರೆ ತನ್ನ ಎದುರಿಗೇ ಬಿಚ್ಚಬೇಕು, ತಾನೂ ಶೆಡ್ಡಿಗೆ ಬರುತ್ತೇನೆ ಎಂದರು. ಅಂದು ಅವರು ಕಲ್ಯಾಣದಲ್ಲಿ ಇಳಿಯಲಿಲ್ಲ, ನನ್ನ ಜೊತೆ ಡೊಂಬಿವಲಿಯವರೆಗೆ ಬಂದರು. ಅವರ ಎದುರೇ ಕಳಚಿದ ಪಟ್ಟಿ ನನ್ನ ಹೆಗಲ ಮೇಲಿತ್ತು. ಗಾಡಿಯ ಗದ್ದಲದಲ್ಲಿ ಅದು ಯಾರ ಕಾಲಿಗೂ ತಾಗದ ಹಾಗೆ ರಾಯರು ಕೈ ಅಡ್ಡ ಹಿಡಿದುಕೊಂಡೇ ನಿಂತಿದ್ದರು.

ಹೊಸ್ತಿಲನ್ನು ಬದಲಾಪುರದ ಮನೆಯ ಮುಂಬಾಗಿಲಿಗೆ ಕೂರಿಸುವುದೆಂದು ತೀರ್ಮಾನವಾಯಿತು. ನಾನು ಕತ್ತರಿಸಿದ್ದರಿಂದ ಅದು ಒಂದು ಗೇಣು ಕಮ್ಮಿ ಬಿತ್ತು. ಪುಣ್ಯಕ್ಕೆ ನಮ್ಮಲ್ಲಿ ಕತ್ತರಿಸಿದ ತುಂಡನ್ನು ಎಸೆಯುವ ಪದ್ಧತಿಯಿಲ್ಲ, ಪೆಟ್ಟಿಗೆಯಲ್ಲಿ ಸಿಕ್ಕಿತು. ಓರೆಯಾಗಿ ಕೊರೆದು ಒಂದಕ್ಕೊಂದು ಕಚ್ಚಿಸಿ ಸೇರಿಸಿದೆ. ಅಂಟಿನ ಗೆರೆಯನ್ನು ಬಣ್ಣದಿಂದ ಮರೆಸಲೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಸುಮತಿಯಕ್ಕ ಬೇಡವೆಂದರು. ಬಿಲ್ಲೆಯನ್ನೂ ಕೀಳಿಸಿ ಗುಳಿಯನ್ನು ಮೊದಲಿದ್ದಂತೆ ಬಿಡಿಸಿದರು.

ಉಳಿದದ್ದು ಕಾಲಿನ ಪಟ್ಟಿ. ನಾನು ಹೊಸ ತುಂಡು ಹುಡುಕುತ್ತಿದ್ದೆ, ರಾಯರು ಕೈ ಹಿಂದೆ ಕಟ್ಟಿಕೊಂಡು ಶೆಡ್ಡಿನ ಸುತ್ತ ನೋಡುತ್ತಿದ್ದರು. ಮೂಲೆಯಲ್ಲಿ ಕಟಿಂಗ್ ಯಂತ್ರದ ಕೆಳಗೆ ಒಂದು ಹಲಗೆ ಒತ್ತುಕೊಟ್ಟಿದ್ದೆ. ಅವರ ಹೋಟೆಲಿನದೇ ರಾಶಿಯಲ್ಲಿ ಬಂದದ್ದು. ಎರಡು ಕಡೆ ತಗ್ಗು ಬಿದ್ದಿದೆ, ಕೆಲಸಕ್ಕೆ ಬಾರದು ಎಂದು ಪಕ್ಕಕ್ಕೆ ಎಸೆದಿದ್ದೆ. ಅದನ್ನು ತೆಗೆಯಲು ಹೇಳಿದರು. ತೆಗೆದು ನೆಲಕ್ಕಿಟ್ಟೆ. ರಾಯರು ಚಪ್ಪಲಿ ಕಳಚಿ ಅದರ ಮೇಲೆ ಹತ್ತಿ ನಿಂತರು. ಎರಡು ತಗ್ಗಿನಲ್ಲಿ ಎರಡು ಪಾದ ಸರಿಯಾಗಿ ಕೂತವು.

ಗಲ್ಲೆ ಎತ್ತರ, ರಾಯರು ಗಿಡ್ಡ. ನಲವತ್ತು ವರ್ಷ ಅವರು ನಿಂತದ್ದು ಆ ಹಲಗೆಯ ಮೇಲೆ.

ಅನಘಾ ತನ್ನ ಚಿತ್ರ ಹರಿದು, ಪಟ್ಟಿಯ ಬದಲು ಹಲಗೆ ಕೂರುವಂತೆ ಹೊಸದು ಬರೆದಳು. ನಾನು ಅದಕ್ಕೆ ಕೀಸುಳಿ ತಾಗಿಸಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಣ್ಣೆ ಹಚ್ಚಿದೆ ಅಷ್ಟೇ. ಅಂದಿನಿಂದ ನಮ್ಮ ಶೆಡ್ಡಿನ ನಿಯಮ ಇದು. ಮರ ಮೊದಲು ಏನು ಮಾಡುತ್ತಿತ್ತು ಎಂದು ತಿಳಿಯುವವರೆಗೆ ಅದನ್ನು ಕತ್ತರಿಸುವಂತಿಲ್ಲ. ತಿಳಿದ ಮೇಲೆ, ಆದಷ್ಟೂ ಅದೇ ಜಾತಿಯ ಕೆಲಸ ಕೊಡಬೇಕು. ಕಾಲು ಹೊತ್ತದ್ದು ಕಾಲನ್ನೇ ಹೊರಲಿ, ದೇವರ ಕೋಣೆಯದು ಮನೆಯ ಎತ್ತರದಲ್ಲಿರಲಿ, ಮೆಟ್ಟಿಲಾಗಿದ್ದದ್ದು ಬೆಂಚಾಗಲಿ.

ಆದರೆ ಒಡೆದ ಮನೆಯ ಮರ ಎಲ್ಲಿಯದೆಂದು ಹೇಳುವವರು ಯಾರು? ಅದಕ್ಕೂ ರಾಯರೇ ಸಿಕ್ಕಿದರು. ಹೊಸ್ತಿಲು ಮುಗಿದ ಮೇಲೂ ಅವರು ವಾರಕ್ಕೆ ಮೂರು ದಿನ ಶೆಡ್ಡಿಗೆ ಬರತೊಡಗಿದರು. ಕಲ್ಯಾಣದ ಹಳೆ ದೊಡ್ಡ ಮನೆಗಳಾದ ವಾಡೆಗಳಲ್ಲಿ ಯಾವುದರಲ್ಲಿ ಯಾರಿದ್ದರು, ಯಾರ ಮನೆಗೆ ಮದುವೆ ದಿನ ಜಿಲೇಬಿ ಹೋಗಿತ್ತು, ಯಾವ ಹಿಟ್ಟಿನ ಗಿರಣಿಯ ಮೆಟ್ಟಿಲು ಹೇಗಿತ್ತು, ಎಲ್ಲ ಅವರಿಗೆ ಬಾಯಿಪಾಠ. ಗೊತ್ತಿಲ್ಲದ್ದನ್ನು ಒಡೆಯುವ ಜಾಗಕ್ಕೇ ಹೋಗಿ ಹಳೆ ಬಾಡಿಗೆದಾರರನ್ನು ಹುಡುಕಿ ಕೇಳಿ ಬರುತ್ತಾರೆ. ತಗಡಿನ ಎದುರು ಈಗಲೂ ನಿಲ್ಲುತ್ತಾರೆ, ಆದರೆ ಕೈಯಲ್ಲಿ ಸೀಮೆಸುಣ್ಣ ಇರುತ್ತದೆ. ಪ್ರತಿ ತುಂಡಿಗೆ ಒಂದು ನಂಬರು, ನಂಬರಿಗೆ ತಕ್ಕಂತೆ ಒಂದು ಉದ್ದ ಪುಸ್ತಕದಲ್ಲಿ ನಾಲ್ಕು ಸಾಲು. ಅದಕ್ಕೆ ಮರದ ಜಾತಕ ಎಂದು ಹೆಸರಿಟ್ಟವರೂ ಅವರೇ. ಗಿರಾಕಿಗಳು ಮೇಜಿನ ಜೊತೆ ಜಾತಕದ ಪ್ರತಿಯನ್ನೂ ಕೇಳಿ ಪಡೆಯುತ್ತಾರೆ. ಲೀಲಾ ನೆಂಟರಿಗೆ ಈಗ ಇದನ್ನೇ ಮೊದಲು ಹೇಳುವುದು.

ಹೊಸ್ತಿಲು ಕೂರಿಸಿದ್ದು ಒಂದು ಶುಕ್ರವಾರ. ಸುಮತಿಯಕ್ಕ ಗಂಟಿನ ಮೇಲೆ ಮೊದಲ ಬೊಟ್ಟು ಇಟ್ಟರು, ಎರಡನೆಯದನ್ನು ನಾನು ಸೇರಿಸಿದ ಗೆರೆಯ ಮೇಲೆ. ಒಳಗೆ ಊಟಕ್ಕೆ ಕರೆದರು. ರಾಯರು ಕುರ್ಚಿ ಎಳೆದುಕೊಂಡು ಕಾಲನ್ನು ಹಲಗೆಯ ತಗ್ಗಿಗೆ ಸೇರಿಸಿ, ಸಾರು ಹಾಕಿಸಿಕೊಂಡು, ನನ್ನನ್ನೂ ಪಕ್ಕದಲ್ಲಿ ಕೂರಿಸಿದರು.

ಕೆಲಸಕ್ಕೆ ಹೊಸದಾಗಿ ಬಂದವರಿಗೆ ಅನಘಾ ಈಗ ಮೊದಲ ದಿನ ಉಳಿ ಕೊಡುವುದಿಲ್ಲ, ಆ ಉದ್ದ ಪುಸ್ತಕ ಕೊಟ್ಟು ಓದಲು ಹೇಳುತ್ತಾಳೆ. ಹೋಟೆಲಿನ ಬಿಲ್ಲು ಬರೆದು ಪಳಗಿದ ರಾಯರ ದುಂಡು ಅಕ್ಷರದಲ್ಲಿ ಮೊದಲ ಪುಟದ ಮೊದಲ ನಮೂದು ಹೀಗಿದೆ: "ನಂಬರ್ ಒಂದು. ಹಲಗೆ. ಸಾಗುವಾನಿ. ಕಲ್ಯಾಣ, ಹೋಟೆಲಿನ ಗಲ್ಲೆಯ ಹಿಂದೆ. ಇದರ ಮೇಲೆ ನಲವತ್ತು ವರ್ಷ ನಾನು ನಿಂತಿದ್ದೆ. ಈಗ ಕೂತಿದ್ದೇನೆ."